ಹನ್ನೊಂದು ಕುರ್ಚಿಗಳ ದಾರಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.20

ಬೆಳಗಿನ ನಡಿಗೆಗೆ ಇಪ್ಪತ್ತೊಂದು ಜನ. ಇಬ್ಬರು ಶೀತ ಅಂತ ಚಕ್ಕರ್. ಕ್ಷೌರದವನ ಕುರ್ಚಿ ಮತ್ತೆ ತಡ. ಆರೂವರೆ ಅಂದರೆ ಆರೂವರೆ. ಅಂಗಡಿ ಮುಂದೆ ನಿಂತು ಸೀಟಿ ಊದಿದೆ. ಶಟರ್ ಅರ್ಧ ಎತ್ತಿ ತಲೆ ಹೊರಗೆ ಹಾಕಿ, "ಮೇಡಂ, ನಾನೇನ್ ನಿಮ್ಮ ಏಳನೇ ಕ್ಲಾಸ್ ಹುಡುಗಾನಾ?" ಅಂದ. ಏಳನೇ ಕ್ಲಾಸಿನವರು ಇವನಿಗಿಂತ ವಾಸಿ ಇದ್ದರು.

ಟೋಪಿ ಅಜ್ಜಿಯ ಗೊಣಗಾಟ ಮಾಮೂಲು. ಬೇಸಿಗೆಯಲ್ಲೂ ಉಣ್ಣೆಯ ಟೋಪಿ, ಕಿವಿ ಮುಚ್ಚಿ. "ಇವತ್ತೇ ಕೊನೆ, ನಾಳೆಯಿಂದ ಬರಲ್ಲ" — ಎರಡು ವರ್ಷದಿಂದ ದಿನಾ ಇದೇ ಮಾತು.

ನಮ್ಮ ಯಜಮಾನರು ಇವತ್ತು ಏಳನೇ ಕುರ್ಚಿಯವರೆಗೆ.

ಮೊದಲ ಕುರ್ಚಿ ಇಡಿಸಿ ಇವತ್ತಿಗೆ ಸರಿಯಾಗಿ ಮೂರು ವರ್ಷ. ಯಾರಿಗೂ ನೆನಪಿಲ್ಲ. ನನಗಿದೆ. ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದವರು ಹಾಸಿಗೆ ಬಿಟ್ಟು ಏಳಲಿಲ್ಲ. ನಡೆಯಿರಿ ಅಂದರೆ ಒಂದೇ ಮಾತು — "ಬಿದ್ರೆ?" ಆಗೆಲ್ಲ ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಸೇದಿ ತರುತ್ತಿದ್ದರು. ಈಗಲೂ ಹಾಗೆಯೇ, ಹಗ್ಗ ಸ್ವಲ್ಪ ಗಿಡ್ಡವಾಗಿದೆ. ಮನೆಯೊಳಗೆ ನಡೆಸಿ ಎಣಿಸಿದೆ. ನೂರ ನಲವತ್ತು ಹೆಜ್ಜೆ. ಆಮೇಲೆ ಬಲಗಾಲು ನಡುಗುತ್ತದೆ, ಕೂರಲೇಬೇಕು. ನಮ್ಮ ಬಾಗಿಲಿನಿಂದ ನೂರ ನಲವತ್ತು ಹೆಜ್ಜೆಗೆ ಬೇಕರಿ. ಬೇಕರಿಯಾಕೆಯನ್ನು ಕೇಳಿದೆ: "ಬೆಳಿಗ್ಗೆ ಒಂದು ಗಂಟೆ, ಹೊರಗೊಂದು ಕುರ್ಚಿ ಇಡಿ. ಬೇರೇನೂ ಬೇಡ." ಇಟ್ಟಳು. ಅಲ್ಲಿಂದ ನೂರ ನಲವತ್ತಕ್ಕೆ ಇಸ್ತ್ರಿಯವನು. ಆಮೇಲೆ ಕ್ಷೌರದಂಗಡಿ, ಔಷಧಿ ಅಂಗಡಿ, ಚಪ್ಪಲಿ ಹೊಲಿಯುವವನು, ಲೈಬ್ರರಿ, ಸೈಕಲ್ ಶಾಪ್... ಹೀಗೆ ಶಾಲೆಯ ಮೈದಾನದ ಗೇಟಿನವರೆಗೆ ಹನ್ನೊಂದು ಕುರ್ಚಿ. ಬೇಡಿ, ಬೈದು, ಸೀಟಿ ಊದಿ ಇಡಿಸಿದ್ದು.

ಕುರ್ಚಿ ನೋಡಿ ಬೇರೆಯವರು ಹೊರಬಂದರು. ಮಂಡಿ ನೋವಿನವರು, ದಮ್ಮಿನವರು, ಬರೀ ಹೆದರಿಕೆಯವರು. ಇವರೆಲ್ಲ ಕಾಲಿಲ್ಲದೆ ಮನೆಯಲ್ಲಿ ಕೂತಿದ್ದಲ್ಲ. ದಾರಿಯಲ್ಲಿ ಕೂರಲು ಜಾಗವಿಲ್ಲದೆ ಮನೆಯಲ್ಲಿ ಕೂತಿದ್ದರು. ಇಷ್ಟು ತಿಳಿಯಲು ಡಾಕ್ಟರ್ ಆಗಬೇಕಿಲ್ಲ.

ನಾಳೆ ಕ್ಷೌರದವನಿಗೆ ಆರೂಕಾಲಿಗೇ ಸೀಟಿ.

ಮಾರ್ಚ್ 6, ಗುರುವಾರ. ಸಂಜೆ

ಆರೋಗ್ಯ ಕಚೇರಿಯಿಂದ ಆಮಂತ್ರಣ ಪತ್ರ. ಮುಖ ಕಾಣುವಷ್ಟು ಹೊಳಪು ಕಾಗದ. "ನಡೆಯೋಣ ಬನ್ನಿ: ಸ್ಥಳೀಯ ಸಹಭಾಗಿತ್ವದ ಸಮುದಾಯ ಚಟುವಟಿಕೆ ಯೋಜನೆ." ಒಳಗೆ ನನ್ನ ದಾರಿಯ ನಕ್ಷೆ. ನನ್ನದೇ. ಲೈಬ್ರರಿ ಹತ್ತಿರ ನಾನು ತಪ್ಪಾಗಿ ಎಳೆದ ತಿರುವು ಕೂಡ ಹಾಗೇ ಇದೆ. ಅದರ ಕೆಳಗೆ — "ಪರಿಕಲ್ಪನೆ ಮತ್ತು ನಿರ್ದೇಶನ" ಅಂತ ಚೀಟಿಯ ಹೆಸರು.

ನನ್ನ ಹೆಸರು? ಹಿಂದೆ ಮುಂದೆ ತಿರುಗಿಸಿ ನೋಡಿದೆ. ದೀಪಕ್ಕೆ ಹಿಡಿದೂ ನೋಡಿದೆ.

ಚೀಟಿ ಅಂದರೆ ನನ್ನ ಹಳೆಯ ವಿದ್ಯಾರ್ಥಿನಿ, ಆ ಅಡ್ಡಹೆಸರು ನಾನಿಟ್ಟದ್ದು. ಬುಧವಾರ ಪಿ.ಟಿ. ಪೀರಿಯಡ್ ಬಂತೆಂದರೆ ಚೀಟಿ ಹಿಡಿದು ಹಾಜರ್ — "ಮಗಳಿಗೆ ಹೊಟ್ಟೆನೋವು, ದಯವಿಟ್ಟು ವಿನಾಯಿತಿ ಕೊಡಿ." ಅಮ್ಮನ ಅಕ್ಷರದ ಹಾಗೆ ತಾನೇ ತಿದ್ದಿ ತೀಡಿ ಬರೆದದ್ದು. ನಾಲ್ಕು ವರ್ಷದಲ್ಲಿ ಮೈದಾನಕ್ಕೆ ಒಂದು ಸುತ್ತು ಓಡಿದವಳಲ್ಲ. ಅವಳೀಗ ಸಮುದಾಯ ಚಟುವಟಿಕೆ ಅಧಿಕಾರಿ! ಅಕ್ಟೋಬರಿನಲ್ಲಿ ಮನೆಗೆ ಬಂದು ಎರಡು ಸಲ ಚಹಾ ಕುಡಿದು, "ಮೇಡಂ, ಕಚೇರಿ ಜೊತೆ ಸೇರಿದ್ರೆ ಇದು ಎಲ್ಲಾ ಬಡಾವಣೆಗೂ ಹೋಗುತ್ತೆ. ನೀವೇ ಮುಂದೆ, ನಾವು ನಿಮ್ಮ ಹಿಂದೆ" ಅಂದಳು. ಖುಷಿಯಾಗಿ ನಕ್ಷೆ ಕೊಟ್ಟೆ. ಹೆಜ್ಜೆಯ ಲೆಕ್ಕ ಸಮೇತ. ಎರಡನೇ ಸಲದ ಚಹಾಕ್ಕೆ ಬಿಸ್ಕತ್ತು ಬೇರೆ ಇಟ್ಟಿದ್ದೆ.

ನಾದಿನಿಗೆ ಫೋನ್ ಮಾಡಿ ಹೇಳಿಕೊಂಡೆ. ಎರಡು ರಸ್ತೆ ಆಚೆ ಅವಳ ಮನೆ. "ಅತ್ತಿಗೆ, ಸ್ವಲ್ಪ ಮೆಲ್ಲಗೆ. ಫೋನ್ ಇಲ್ದೇನೂ ಕೇಳುತ್ತೆ" ಅಂದಳು. ಪಿಸುಗುಟ್ಟಿದೆ. "ಈಗ ಒಂದು ರಸ್ತೆ ಆಚೆಗೆ ಮಾತ್ರ ಕೇಳುತ್ತೆ" ಅಂದಳು. ಮೂವತ್ತೊಂದು ವರ್ಷ ಮೈದಾನದಲ್ಲಿ ಕೂಗಿದ ಗಂಟಲು. ಪಿಸುಮಾತು ಅದಕ್ಕೆ ಬರುವುದಿಲ್ಲ.

ಮಾರ್ಚ್ 8, ಶನಿವಾರ. ಮಧ್ಯಾಹ್ನ 1.30

ಉದ್ಘಾಟನೆ ಆಯಿತು. ನನಗೆ ನಾಲ್ಕನೇ ಸಾಲು, ಕಂಬದ ಹಿಂದೆ. ವೇದಿಕೆಯ ಮೇಲೆ "ನಮ್ಮ ಪಾಲುದಾರರು" — ಬ್ಯಾಂಕ್ ಮ್ಯಾನೇಜರ್, ಶೂ ಶೋರೂಮಿನವನು, ನೀರಿನ ಬಾಟಲಿ ಕಂಪನಿಯವನು. ಮೂರು ವರ್ಷ ಕುರ್ಚಿ ಇಟ್ಟವರು? ಬೇಕರಿಯಾಕೆ, ಇಸ್ತ್ರಿಯವನು, ಚಪ್ಪಲಿ ಹೊಲಿಯುವವನು — ಎಲ್ಲರೂ ಹಿಂದೆ, ಗೋಡೆಗೆ ಒರಗಿಕೊಂಡು. ಮೂರು ವರ್ಷ ಊರಿಗೆ ಕುರ್ಚಿ ಇಟ್ಟವರಿಗೆ ಅಲ್ಲಿ ಕೂರಲು ಕುರ್ಚಿ ಇರಲಿಲ್ಲ.

ಚೀಟಿಯ ಭಾಷಣ. "ಇದು ನನ್ನ ಬಾಲ್ಯದ ಕನಸು. ಶಾಲೆಯ ಮೈದಾನದಲ್ಲೇ ನನಗೆ ಇದರ ಸ್ಫೂರ್ತಿ ಸಿಕ್ಕಿತು." ಯಾವ ಮೈದಾನ? ಸಿಕ್ ರೂಮಿನ ಕಿಟಕಿಯಿಂದ ಕಾಣುತ್ತಿದ್ದದ್ದಾ?

ಕೊನೆಗೆ — "ನಮ್ಮ ಪ್ರೀತಿಯ ಪಿ.ಟಿ. ಮೇಡಂ ಈಗ ಸೀಟಿ ಊದಿ ನಡಿಗೆಗೆ ಚಾಲನೆ ಕೊಡ್ತಾರೆ."

ಊದಿದೆ. ಜೋರಾಗಿಯೇ ಊದಿದೆ. ಅದನ್ನೇ ನನಗೆ ಕ್ಷಮಿಸಿಕೊಳ್ಳಲು ಆಗುತ್ತಿಲ್ಲ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 9

ಐದನೇ ಕುರ್ಚಿಯನ್ನು ಎತ್ತಿಬಿಟ್ಟರು. ಚಪ್ಪಲಿ ಹೊಲಿಯುವವನ ಹತ್ತಿರದ್ದು. ಹಳೆಯ ಮರದ ಕುರ್ಚಿ, ಒಂದು ಕಾಲಿಗೆ ಟೈರಿನ ತುಂಡು ಹೊಡೆದದ್ದು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಬದಲಿಗೆ ತಿರುವಿನಾಚೆ ಬ್ಯಾಂಕಿನ ಮುಂದೆ ಒಂದು ಸ್ಟೀಲಿನದು, ಬೆನ್ನಿಗೆ ಬ್ಯಾಂಕಿನ ಮುದ್ರೆ. ಉದ್ಘಾಟನೆಗೆ ಬ್ಯಾಂಕು ಟೀಶರ್ಟ್ ಕೊಟ್ಟಿದೆಯಲ್ಲ.

ನಡೆದು ಎಣಿಸಿದೆ. ಔಷಧಿ ಅಂಗಡಿಯಿಂದ ಬ್ಯಾಂಕಿಗೆ ಇನ್ನೂರ ಮೂವತ್ತು ಹೆಜ್ಜೆ. ಬ್ಯಾಂಕಿನಿಂದ ಲೈಬ್ರರಿಗೆ ಐವತ್ತು. ಇದ್ಯಾವ ಬುದ್ಧಿ?

ಕಚೇರಿಗೆ ಹೋದೆ. "ಮೇಡಂ, ಆ್ಯಪ್‌ನಲ್ಲಿ ನೋಡಿ, ಒಟ್ಟು ದೂರ ಅಷ್ಟೇ ಇದೆ" ಅಂದಳು. "ಒಟ್ಟು ದೂರ ನಡೆಯೋದು ನಿನ್ನ ಆ್ಯಪ್. ನಮ್ಮ ಜನ ನಡೆಯೋದು ಒಂದೊಂದು ಕುರ್ಚಿ" ಅಂದೆ. ನಕ್ಕಳು. ಶಾಲೆಯಲ್ಲಿ ಚೀಟಿ ಕೊಡುವಾಗ ನಗುತ್ತಿದ್ದ ಅದೇ ನಗು. "ಲೆಟರ್ ಕೊಡಿ ಮೇಡಂ, ಪರಿಶೀಲಿಸೋಣ."

ಲೆಟರ್ ಕೊಟ್ಟೆ. ಮುದ್ರೆ ಹಾಕಿ ತೆಗೆದುಕೊಂಡರು.

ಮಾರ್ಚ್ 19, ಬುಧವಾರ

ಏಳು ದಿನ ಬರೆದಿಲ್ಲ.

ಶುಕ್ರವಾರ ಯಜಮಾನರು ಬಿದ್ದರು. ಔಷಧಿ ಅಂಗಡಿ ದಾಟಿ ನೂರ ಎಂಬತ್ತನೇ ಹೆಜ್ಜೆ. ನಾನು ಹಿಂದೆ ಟೋಪಿ ಅಜ್ಜಿಯ ಜೊತೆ ಇದ್ದೆ. ಬಿದ್ದದ್ದನ್ನು ನೋಡಲಿಲ್ಲ, ಕೇಳಿಸಿತು. ಕೋಲು ಉರುಳಿದ ಸದ್ದು. ಚಪ್ಪಲಿ ಹೊಲಿಯುವವನು ಓಡಿಬಂದು ಎತ್ತಿ, ತಾನು ಕೆಲಸಕ್ಕೆ ಕೂರುವ ಮಣೆಯ ಮೇಲೆ ಕೂರಿಸಿದ. ಬಲಗೈ ಮಣಿಕಟ್ಟು ಮುರಿದಿದೆ. ಮೊದಲೇ ಸೊರಗಿದ ಕೈ. ಆರು ವಾರ ಪ್ಲಾಸ್ಟರ್.

ಆಸ್ಪತ್ರೆಯಲ್ಲಿ ಒಂದೇ ಮಾತು ಆಡಿದ್ದು. "ಬಿದ್ದೆ."

ಮೂರು ವರ್ಷ ಹಿಡಿಯಿತು ಆ ಹೆದರಿಕೆ ಬಿಡಿಸಲು.

ಮಾರ್ಚ್ 21, ಶುಕ್ರವಾರ. ಸಂಜೆ 5

ಕಚೇರಿಯ ಮಾಸಿಕ ವರದಿ ಲೈಬ್ರರಿ ಬೋರ್ಡಿಗೆ ಹಾಕಿದ್ದಾರೆ. ನಿಂತು ಓದಿದೆ, ಕೆಳಗೆ ಚೀಟಿಯ ಸಹಿ. "ಒಂದು ಸಣ್ಣ ಘಟನೆ. ಕಾರಣ: ಪಾದಚಾರಿಯ ಅಜಾಗರೂಕತೆ."

ಅಜಾಗರೂಕತೆ! ಒಂದೊಂದು ಹೆಜ್ಜೆಯನ್ನೂ ಎಣಿಸಿ ಇಡುವ ಮನುಷ್ಯ! ಗಾಯದ ಮೇಲೆ ಬರೆ ಅಂದರೆ ಇದೇ.

ಅವಳನ್ನು ಸುಮ್ಮನೆ ಬಿಡುವುದಿಲ್ಲ. ಪೇಪರಿಗೆ ಬರೆಯಲೇ? ಯಾರು ಹಾಕುತ್ತಾರೆ. ಅವಳ ಹಳೆಯ ಹೊಟ್ಟೆನೋವಿನ ಚೀಟಿಗಳು ನನ್ನ ಟ್ರಂಕಿನಲ್ಲಿ ಒಂದು ಕಟ್ಟು ಇವೆ, ಅವನ್ನು ಕಚೇರಿಯ ಬೋರ್ಡಿಗೆ ಅಂಟಿಸಲೇ? ನಗುತ್ತಾರೆ, ಮರೆಯುತ್ತಾರೆ. ಬೇಡ. ನನಗೆ ಬೇಕಾಗಿರುವುದು ನಗು ಅಲ್ಲ. ನಾಲ್ಕು ಜನರ ಮುಂದೆ ಅವಳ ಕಾಲು ನಡುಗಬೇಕು. ಕೂರಲು ಏನೂ ಸಿಗಬಾರದು.

ನಾದಿನಿ ಬಂದಿದ್ದಳು, ಅಣ್ಣನನ್ನು ನೋಡಲು. "ಬಿಟ್ಟಾಕಿ ಅತ್ತಿಗೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?" ಅಂದಳು. "ಕೊಯ್ಯೋದು ನನ್ನ ಮೂಗಲ್ಲವಲ್ಲ" ಅಂದೆ.

ಮಾರ್ಚ್ 24, ಸೋಮವಾರ. ಸಂಜೆ

ಚೀಟಿ ಮನೆಗೆ ಬಂದಿದ್ದಳು. ಒಂದು ಬುಟ್ಟಿ ಹಣ್ಣು. ಯಜಮಾನರ ಪ್ಲಾಸ್ಟರ್ ಮುಟ್ಟಿ "ಬೇಗ ಹುಷಾರಾಗಿ ಸರ್" ಅಂದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಬಿದ್ದ ದಿನದಿಂದ ಹೊರಗೆ ಕಾಲಿಟ್ಟಿಲ್ಲ.

ವಿಷಯ ಹಣ್ಣಿನದಲ್ಲ. ಏಪ್ರಿಲ್ ಐದು, ಶನಿವಾರ, ಮೇಲಿನ ಕಚೇರಿಯಿಂದ ಮೂವರ ಸಮಿತಿ. ಇಡೀ ದಾರಿ ನಮ್ಮ ನಡಿಗೆಯವರ ಜೊತೆ ನಡೆದು ನೋಡುತ್ತಾರೆ. ಮೆಚ್ಚಿದರೆ ಮಾದರಿ ಯೋಜನೆ, ಅವಳಿಗೆ ಬಡ್ತಿ. "ಮೇಡಂ, ಅವತ್ತೊಂದು ದಿನ ಎಲ್ಲಾ ಕರೆಕ್ಟಾಗಿ ಇರ್ಬೇಕು. ಅಂಗಡಿಯವರು ನಿಮ್ಮ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ."

ಅದನ್ನು ಅವಳ ಬಾಯಿಂದಲೇ ಕೇಳಿದೆ. ನನ್ನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲ.

"ಐದನೇ ಕುರ್ಚಿ?" ಅಂದೆ. "ಸಮಿತಿ ಹೋದ್ಮೇಲೆ ಖಂಡಿತ ನೋಡೋಣ ಮೇಡಂ."

ನಗುತ್ತಾ ಗೇಟಿನವರೆಗೆ ಕಳಿಸಿದೆ. ಬಹಳ ದಿನಗಳ ಮೇಲೆ ಮನಸ್ಸು ಹಗುರವಾಯಿತು. ಹಣ್ಣೂ ತಿಂದೆ.

ಮಾರ್ಚ್ 28, ಶುಕ್ರವಾರ

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸಮಿತಿ ಬರುವ ಹಿಂದಿನ ಸಂಜೆ ಅಂಗಡಿ ಅಂಗಡಿಗೆ ಹೋಗುವುದು. ಹೇಳುವುದು ಇಷ್ಟೇ — ನಾಳೆ ಕಚೇರಿಯಿಂದ ಹೊಸ ಬೆಂಚು ಬರುತ್ತದೆ, ಕುರ್ಚಿ ಒಳಗೇ ಇರಲಿ. ಬೆಂಚು ಬರುವುದಿಲ್ಲ. ಸಮಿತಿ ನಡೆಯುತ್ತದೆ. ನಮ್ಮವರು ಮೊದಲ ನೂರ ನಲವತ್ತು ಮುಗಿಸಿ ಕುರ್ಚಿ ಹುಡುಕುತ್ತಾರೆ, ಇಲ್ಲ. ಮುಂದೆ, ಇಲ್ಲ. ಗೋಡೆ ಹಿಡಿಯುತ್ತಾರೆ, ಬೈಯುತ್ತಾರೆ, ತಿರುಗಿ ಮನೆಗೆ ಹೋಗುತ್ತಾರೆ. ಬ್ಯಾಂಕಿನ ಮುದ್ರೆಯದು ಮಾತ್ರ ಇರಲಿ, ಒಂಟಿಯಾಗಿ ಹಲ್ಲು ಕಿರಿಯುತ್ತಾ. ಯಾವ ಜಾಗದಲ್ಲಿ ಇಟ್ಟಿದ್ದಾಳೆ ಅಂತ ಸಮಿತಿಯೇ ನೋಡಲಿ.

ನಮ್ಮವರಿಗೆ ಸ್ವಲ್ಪ ಕಷ್ಟವಾದೀತು. ಒಂದು ದಿನ ತಾನೆ. ಯಾರೂ ಬೀಳುವುದಿಲ್ಲ. ಸುಸ್ತಾದರೆ ನಿಲ್ಲುತ್ತಾರೆ. ಎಲ್ಲರೂ ಯಜಮಾನರ ಹಾಗಲ್ಲವಲ್ಲ.

ಅಡುಗೆಮನೆಯಲ್ಲಿ ಮಾತನ್ನು ನಾಲ್ಕು ಸಲ ಅಭ್ಯಾಸ ಮಾಡಿದೆ. ಮೆಲ್ಲಗೆ, ಪಿಸುಮಾತಿನಲ್ಲಿ. ಯಜಮಾನರು ಒಳಗೆ ಮಲಗಿದ್ದರು.

ಏಪ್ರಿಲ್ 1, ಮಂಗಳವಾರ

ಚಪ್ಪಲಿ ಹೊಲಿಯುವವನು ತನ್ನ ಮರದ ಕುರ್ಚಿಯನ್ನು ತಾನೇ ಹೊರಗೆ ಇಟ್ಟಿದ್ದಾನೆ, ಹಳೆಯ ಜಾಗದಲ್ಲೇ. ಯಾರನ್ನೂ ಕೇಳಲಿಲ್ಲ. ಕಚೇರಿಯವರು ಎರಡು ಸಲ ಒಳಗಿಡು ಅಂದರಂತೆ. "ನನ್ನ ಅಂಗಡಿ, ನನ್ನ ಕುರ್ಚಿ" ಅಂದನಂತೆ. ಅಂಗಡಿ ಅಂದರೆ ಗೋಡೆಗೆ ಒತ್ತಿದ ನಾಲ್ಕು ಅಡಿ ಜಾಗ, ಮೇಲೊಂದು ತಗಡು.

ಅಲ್ಲಿಗೆ ಬ್ಯಾಂಕಿನದು ಬಿಟ್ಟು ಮತ್ತೆ ಹನ್ನೊಂದಾಯಿತು.

ಏಪ್ರಿಲ್ 4, ಶುಕ್ರವಾರ. ಸಂಜೆ 7.15

ಮುಗಿಯಿತು. ಹನ್ನೊಂದೂ.

ಬೇಕರಿಯಾಕೆ "ಸರಿ ಮೇಡಂ" ಅಂದಳು, ಕಣ್ಣೆತ್ತಲೂ ಇಲ್ಲ. ಇಸ್ತ್ರಿಯವನು ಹೊಸ ಬೆಂಚಿನ ಬಣ್ಣ ಕೇಳಿದ. ಹಸಿರು ಅಂದೆ, ಯಾಕೆ ಅಂದೆನೋ. ಔಷಧಿ ಅಂಗಡಿಯವನಿಗೆ ಖುಷಿ, ಬಾಗಿಲಿಗೆ ಅಡ್ಡ ಇರುತ್ತಿತ್ತಂತೆ. ಲೈಬ್ರರಿಯಮ್ಮ ಪುಸ್ತಕದಲ್ಲಿ ಬರೆದುಕೊಂಡಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು.

ಕ್ಷೌರದವನು ಮಾತ್ರ ಕತ್ತರಿ ನಿಲ್ಲಿಸಿ ಕನ್ನಡಿಯಲ್ಲೇ ನನ್ನನ್ನು ನೋಡಿದ. "ಮೇಡಂ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿಲ್ಲ ತಾನೆ?"

"ನಿನ್ನ ಕೆಲಸ ನೋಡು" ಅಂದೆ.

"ನೋಡ್ತಾನೇ ಇದ್ದೀನಿ" ಅಂದ.

ಚಪ್ಪಲಿ ಹೊಲಿಯುವವನಿಗೂ ಅದೇ ಮಾತು ಹೇಳಿದೆ. ಅವನು ಸೂಜಿ ಕೆಳಗಿಟ್ಟು ಕೇಳಿದ, "ಸಾರ್ ಬಿದ್ದ ಜಾಗ ಮೇಡಂ ಇದು. ಹೊಸ ಬೆಂಚು ಇಲ್ಲೇ ಹಾಕ್ತಾರಲ್ಲ?"

"ಇಲ್ಲೇ ಹಾಕ್ತಾರೆ" ಅಂದೆ.

"ನೀವು ಹೇಳಿದ ಮೇಲೆ ಮುಗೀತು."

ಅವಳು ಸಹಿ ಮಾಡಿ ಸುಳ್ಳು ಹೇಳಿದಳು. ನಾನು ಬಾಯಲ್ಲಿ ಹೇಳಿದೆ. ಇರಲಿ. ನಾಳೆ ಈ ಹೊತ್ತಿಗೆ ಅವಳ ಮುಖ ನೋಡಿರುತ್ತೇನೆ.

ಏಪ್ರಿಲ್ 5, ಶನಿವಾರ. ಬೆಳಿಗ್ಗೆ 5.50

ನಿದ್ದೆ ಬರಲಿಲ್ಲ. ಯಜಮಾನರಿಗೆ "ಇವತ್ತು ನಡಿಗೆ ಇಲ್ಲ, ಮಲಗಿ. ಟೈಲರ್ ಹತ್ತಿರ ಬಟ್ಟೆ ಕೊಟ್ಟು ಬರ್ತೀನಿ" ಅಂದೆ. ಟೈಲರಮ್ಮನ ಅಂಗಡಿ ಔಷಧಿ ಅಂಗಡಿಯ ಎದುರು, ಮಹಡಿ ಮೇಲೆ. ಮೇಲಿಂದ ಫೋಟೋ ತೆಗೆಯಬೇಕು ಅಂತ ನಿನ್ನೆಯೇ ಕೀಲಿ ಕೇಳಿ ಇಟ್ಟುಕೊಂಡಿದ್ದೇನೆ. ಕಿಟಕಿಯಿಂದ ಮೂರು, ನಾಲ್ಕು, ಐದು — ಮೂರೂ ಜಾಗ ಕಾಣುತ್ತವೆ.

ಅವರು ಗಡಿಯಾರ ನೋಡಿದರು. ಅಭ್ಯಾಸಬಲದಿಂದ ಸೀಟಿ ಕೊರಳಿಗೆ ಹಾಕಿಕೊಂಡಿದ್ದೇನೆ.

ಅದೇ ದಿನ. 11.00

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಏಳು ಗಂಟೆಗೆ ಗುಂಪು ಕ್ಷೌರದಂಗಡಿ ದಾಟಿ ಬಂತು. ಮೂರು ಜಾಗ ಖಾಲಿ ನೋಡಿಯೇ ಬಂದಿದ್ದರು. ಸಾಲು ಇರಲಿಲ್ಲ, ಚೆದುರಿದ್ದರು. ಕೆಲವರು ಗೋಡೆ ಹಿಡಿದಿದ್ದರು. ಸಮಿತಿಯ ಮೂವರು — ಕೈಯಲ್ಲಿ ಕೋಲಿದ್ದ ಹಿರಿಯರೊಬ್ಬರು, ಫೈಲಿನ ಹೆಂಗಸು, ಕ್ಯಾಮೆರಾದವನು. ಚೀಟಿ ಮುಂದೆ ಓಡುತ್ತಾಳೆ, ಹಿಂದೆ ಓಡುತ್ತಾಳೆ. ಜನ್ಮದಲ್ಲಿ ಮೊದಲ ಸಲ ಓಡಿದ್ದು. ಔಷಧಿ ಅಂಗಡಿಯವನನ್ನು ಕೇಳಿದಳು. "ಬೆಂಚು ಬರುತ್ತೆ ಅಂದ್ರಲ್ಲ?" ಅಂದ. ಅವಳ ಮುಖ! ಬಣ್ಣ ಇಳಿದು ಬಿಳುಪಾಯಿತು. ಕಿಟಕಿಯ ಸರಳು ಹಿಡಿದು ನಕ್ಕೆ. ಒಂದು ನಿಮಿಷ ಸ್ವರ್ಗ. ಸುಳ್ಳು ಬರೆಯುವುದಿಲ್ಲ, ಸ್ವರ್ಗವೇ.

ಆಮೇಲೆ ಟೋಪಿ ಅಜ್ಜಿ. ಕುರ್ಚಿ ಇರುತ್ತಿದ್ದ ಜಾಗಕ್ಕೆ ಬಂದಳು, ಅಭ್ಯಾಸದಂತೆ ತಿರುಗಿದಳು, ಬೆನ್ನು ಬಗ್ಗಿಸಿದಳು — ಕೈ ಹಿಂದೆ ಚಾಚಿ ಕುರ್ಚಿಯ ತೋಳು ಹುಡುಕಿದಳು. ಇಲ್ಲ. ಬಗ್ಗಿದವಳು ಬಗ್ಗಿದ ಹಾಗೇ ನಿಂತಳು, ಏಳಲೂ ಆಗದೆ, ಕೂರಲೂ ಆಗದೆ. ಇಬ್ಬರು ರಟ್ಟೆ ಹಿಡಿದರು. "ಬಿಡ್ಬೇಡಿ, ಬಿಡ್ಬೇಡಿ" ಅಂತ ಕೂಗುತ್ತಿದ್ದಳು. ಟೋಪಿ ಕೆಳಗೆ ಬಿತ್ತು. ಅವಳ ತಲೆಯಲ್ಲಿ ಕೂದಲು ಇಷ್ಟು ಕಡಿಮೆ ಅಂತ ನನಗೆ ಗೊತ್ತಿರಲಿಲ್ಲ.

ಕೆಳಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಇಳಿದರೆ ಗೊತ್ತಾಗುತ್ತದೆ ಅಂತ.

ಆಗ ಬೀದಿಯ ಆ ತುದಿಯಲ್ಲಿ ಯಜಮಾನರು. ಎಡಗೈಯಲ್ಲಿ ಕೋಲು. ಪ್ಲಾಸ್ಟರಿನ ಕೈಯ ಸಂದಿಗೆ ನಮ್ಮ ಬಚ್ಚಲಿನ ನೀಲಿ ಸ್ಟೂಲು ಸಿಕ್ಕಿಸಿಕೊಂಡಿದ್ದರು. ಕೆಳಗಿಟ್ಟರು, ಕೂತರು, ಎದ್ದರು, ಮತ್ತೆ ಸಿಕ್ಕಿಸಿಕೊಂಡರು, ನಡೆದರು. ಮನೆಯಿಂದ ಹೀಗೇ ಬಂದಿದ್ದಾರೆ. ಮೂರು ವಾರ ಬಾಗಿಲು ದಾಟದವರು. ಅಷ್ಟು ದೂರ, ಒಂದೇ ಸ್ಟೂಲಿನಲ್ಲಿ.

ಅಜ್ಜಿಯ ಹಿಂದೆ ಸ್ಟೂಲು ಇಟ್ಟರು. ಅವಳು ಕೂತಳು. ಇವರು ನಿಂತರು. ಸ್ಟೂಲು ಹೋಯಿತಲ್ಲ, ಇನ್ನು ಇವರಿಗೆ ಏನೂ ಇಲ್ಲ. ಬಲಗಾಲು ನಡುಗುವುದು ಮಹಡಿಯಿಂದಲೂ ಕಾಣುತ್ತಿತ್ತು. ಆಗಲೂ ನಾನು ಇಳಿಯಲಿಲ್ಲ.

ಇಳಿದದ್ದು ಚಪ್ಪಲಿ ಹೊಲಿಯುವವನು, ಅಂದರೆ ತನ್ನ ಜಾಗದಿಂದ ಎದ್ದು ಓಡಿದ. ಟೈರಿನ ತುಂಡಿನ ಆ ಕುರ್ಚಿಯನ್ನು ತಲೆ ಮೇಲೆ ಹೊತ್ತು, ನೂರ ನಲವತ್ತು ಹೆಜ್ಜೆ ಓಡಿಬಂದು ಇವರ ಹಿಂದೆ ಹಾಕಿದ. ಅದನ್ನು ನೋಡಿ ಔಷಧಿ ಅಂಗಡಿಯವನು ತನ್ನದನ್ನು ತಂದ. ಲೈಬ್ರರಿಯಮ್ಮ ಒಂದರ ಮೇಲೊಂದು ಎರಡು. ಕ್ಷೌರದವನು ಹಿಂದಿನಿಂದ ತನ್ನ ತಿರುಗುವ ಕುರ್ಚಿಯನ್ನೇ ಎಳೆಯುತ್ತಾ ಬಂದ, ಬೈಯುತ್ತಾ. ಹತ್ತು ನಿಮಿಷದಲ್ಲಿ ಬೀದಿ ತುಂಬ ಕುರ್ಚಿ. ಎಲ್ಲರೂ ಕೂತರು. ಸಮಿತಿಯ ಹಿರಿಯರೂ ಕೂತರು, ಉಸ್ಸಪ್ಪಾ ಅಂದರು.

"ಬಹಳ ಚೆನ್ನಾಗಿದೆ. ಯಾರ ಯೋಚನೆ ಇದು?" ಅಂತ ಕೇಳಿದರು. ಚೀಟಿ ಬಾಯಿ ತೆರೆದಳು. ಅಷ್ಟರಲ್ಲಿ ಯಜಮಾನರು ಕೋಲು ಎತ್ತಿದರು. ನೇರ ನನ್ನ ಕಿಟಕಿಗೆ.

"ನನ್ನ... ಹೆಂಡತಿ. ಹೆಜ್ಜೆ ಎಣಿಸಿ... ಕುರ್ಚಿ ಇಡಿಸಿದ್ದು. ಇವಳಲ್ಲ."

ಎಲ್ಲರೂ ತಲೆ ಎತ್ತಿದರು. ಚೀಟಿ ನೆಲ ನೋಡುತ್ತಾ, "ಹೌದು ಸರ್, ಮೂಲ ನಕ್ಷೆ ಮೇಡಂದೇ" ಅಂದಳು. ಹಿರಿಯರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಕ್ಯಾಮೆರಾದವನು ಫೋಟೋ ತೆಗೆದ. ನಾನು ಪರದೆ ಹಿಡಿದು ನಿಂತಿದ್ದೆ. ಕೊರಳಲ್ಲಿ ಸೀಟಿ.

ನನಗೆ ಬೇಕಾಗಿದ್ದದ್ದೆಲ್ಲ ಆಯಿತು. ಇದಕ್ಕಿಂತ ಹೆಚ್ಚೇನು ಬೇಕಿತ್ತು?

ಅದೇ ದಿನ. ಸಂಜೆ 6

ಅವರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. "ನಾನು ಅಲ್ಲಿದ್ದೀನಿ ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿದೆ.

"ಆರು ಗಂಟೆ. ಟೈಲರ್... ತೆಗೆಯಲ್ಲ." ಅಡುಗೆಮನೆಯ ಕಡೆ ಕೈ ತೋರಿಸಿದರು. "ಅವತ್ತು. ಎಲ್ಲಾ... ಕೇಳಿಸ್ತು."

ನನ್ನ ಪಿಸುಮಾತು.

ಅವಳು ಮಾಡಿದ್ದೇನು ಕಮ್ಮಿಯಾ ಅಂದೆ. ನಿಮ್ಮ ಕೈ ನೋಡಿ ಅಂದೆ. ಅಜಾಗರೂಕತೆ ಅಂತ ಬರೆದಳಲ್ಲ ಅಂದೆ. ಧ್ವನಿ ಏರಿತು. ಅವರು ಕಣ್ಣು ಮುಚ್ಚಿ ಕಾದರು, ಬಾವಿಯಿಂದ ಸೇದುವವರ ಹಾಗೆ. ನಾನು ಸುಮ್ಮನಾದ ಮೇಲೆ ಹೇಳಿದರು.

"ಅವಳು... ಒಂದು. ನೀನು ಹನ್ನೊಂದು."

ಏಪ್ರಿಲ್ 6, ಭಾನುವಾರ. ಮಧ್ಯಾಹ್ನ

ಚೀಟಿಯ ಫೋನ್. ಯೋಜನೆ ಮಾದರಿಯಾಗಿ ಆಯ್ಕೆಯಾಗಿದೆ. ಮೈದಾನದ ಗೇಟಿಗೆ ಬೋರ್ಡ್ ಹಾಕುತ್ತಾರೆ, "ಪರಿಕಲ್ಪನೆ" ಅಂತ ನನ್ನ ಹೆಸರು, ಅವಳ ಹೆಸರಿಗಿಂತ ಮೇಲೆ. ಇನಿಷಿಯಲ್ ಏನು ಅಂತ ಕೇಳಿದಳು.

ಹೇಳಿದೆ.

"ಒಂದು ವಿಷಯ ಮೇಡಂ. ಕುರ್ಚಿ ಒಳಗಿಡೋಕೆ ಹೇಳಿದ್ದು ಯಾರು ಅಂತ ಮೇಲಿನವರು ಕೇಳ್ತಿದ್ದಾರೆ. ಅಂಗಡಿಯವರು ಒಬ್ಬರೂ ಬಾಯಿ ಬಿಡ್ತಿಲ್ಲ. ಆ ಚಪ್ಪಲಿ ಹೊಲಿಯೋನು ಮಾತ್ರ ಒಪ್ಕೊಂಡಿದ್ದಾನೆ. ಬೆಂಚು ಬರುತ್ತೆ ಅಂತ ತಾನೇ ತಪ್ಪು ತಿಳ್ಕೊಂಡು ಎಲ್ಲರಿಗೂ ಹೇಳಿದ್ನಂತೆ. ಕಚೇರಿ ಮಾತೂ ಕೇಳ್ತಿರಲಿಲ್ಲ ಅವನು. ನಾಳೆ ಅವನನ್ನ ಆ ಜಾಗದಿಂದ ತೆಗೆಸ್ತಿದ್ದೀವಿ. ಫುಟ್‌ಪಾತ್ ತಾನೆ ಅದು."

ಫೋನ್ ಇಟ್ಟೆ.

ಹನ್ನೊಂದು ಜನಕ್ಕೂ ಗೊತ್ತು. ಒಬ್ಬರೂ ಹೇಳಿಲ್ಲ.

ಸಂಜೆ ಚಪ್ಪಲಿ ಹೊಲಿಯುವವನ ಜಾಗಕ್ಕೆ ಹೋದೆ. ಭಾನುವಾರ, ಇರಲಿಲ್ಲ. ತಗಡಿನ ಕೆಳಗೆ ಕುರ್ಚಿಯನ್ನು ಸರಪಳಿ ಹಾಕಿ ಕಟ್ಟಿದ್ದಾನೆ. ಸ್ವಲ್ಪ ಹೊತ್ತು ಅದರ ಮುಂದೆ ನಿಂತಿದ್ದು ಬಂದೆ. ಕೂರಲಿಲ್ಲ.

ಏಪ್ರಿಲ್ 7, ಸೋಮವಾರ. ಬೆಳಿಗ್ಗೆ 6.05

ಅವಳನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ಇದನ್ನು ಮೊದಲು ಬರೆದಿಡುತ್ತೇನೆ.

ಕಚೇರಿ ತೆಗೆಯುವುದು ಹತ್ತಕ್ಕೆ. ಚಪ್ಪಲಿ ಹೊಲಿಯುವವನನ್ನು ಎತ್ತಿಸಲು ಲಾರಿ ಬರುವುದು ಎಂಟೂವರೆಗಂತೆ. ಅವಳ ಮನೆ ಗೊತ್ತು, ಅಲ್ಲಿಗೇ ಹೋಗುತ್ತೇನೆ. ಬಾಯಲ್ಲಿ ಹೇಳಿದರೆ ನಕ್ಕು ತೇಲಿಸಿಬಿಡುತ್ತಾಳೆ, ಮಾದರಿ ಯೋಜನೆಯಲ್ಲವೇ. ಕಾಗದದಲ್ಲೇ ಕೊಡಬೇಕು, ಸಹಿ ಹಾಕಿ. ಅವಳು ಚೀಟಿ ತರುತ್ತಿದ್ದಳು, ನಾನು ತೆಗೆದುಕೊಳ್ಳುತ್ತಿದ್ದೆ. ಈಗ ಅವಳಿಗೆ ಚೀಟಿ ಬರೆಯುವ ಕಾಲ ನನಗೆ. ಬೋರ್ಡಿಗೆ ಇನ್ನೂ ಬಣ್ಣ ಹಚ್ಚಿರಲಾರರು, ಹೆಸರು ಅಳಿಸುವ ಕಷ್ಟವಿಲ್ಲ.

ಯಜಮಾನರು ಎದ್ದು ತಯಾರಾಗಿದ್ದಾರೆ. ಬಾಗಿಲ ಹತ್ತಿರ ಕೋಲಿನ ಸದ್ದು. ಸ್ಟೂಲು ಕೇಳುತ್ತಿದ್ದಾರೆ, ದಾರಿಯಲ್ಲಿ ಕುರ್ಚಿ ಇರುತ್ತವೋ ಇಲ್ಲವೋ ಅಂತ ಅವರಿಗೆ ಇನ್ನು ನಂಬಿಕೆ ಇಲ್ಲ.

ಮೊದಲು ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಒಳ್ಳೆಯ ಹಾಳೆಗೆ.

ಅಧಿಕಾರಿಗಳಿಗೆ,
ಏಪ್ರಿಲ್ ನಾಲ್ಕರ ಸಂಜೆ ಅಂಗಡಿ ಅಂಗಡಿಗೆ ಹೋಗಿ, ಬೆಂಚು ಬರುತ್ತದೆ ಎಂದು ಸುಳ್ಳು ಹೇಳಿ, ಹನ್ನೊಂದು ಕುರ್ಚಿಗಳನ್ನೂ ಒಳಗೆ ಇಡಿಸಿದ್ದು ನಾನು.